ಕಾದು ಎಂದರೆ

ಝಾನ್ಸಿ ತನ್ನ ಮದುವೆ ಸೀರೆ ಒಯ್ಯಲು ಗದ್ವಾಲದ ಮಗ್ಗದ ಮನೆಗೆ ಬಂದಾಗ, ಅದನ್ನು ನೇಯ್ದ ಅಂಜನಕುಮಾರನಿಗೆ ಕಣ್ಣೆತ್ತುವ ಧೈರ್ಯವಾಗಲಿಲ್ಲ. ಅವಳ ಕಾಲ್ಬೆರಳುಗಳನ್ನಷ್ಟೇ ನೋಡಿದ. ಅವೂ ಮುನಿಸಿಕೊಂಡು ಮಡಚಿದ್ದವು.

ಬಾಗಿಲಲ್ಲಿ ಸೋದರತ್ತೆ ಭೀಮಮ್ಮನ ಕಾವಲು. ಹೊರಗೆ ಜೀಪು, ಅದರ ತುಂಬ ಅಪ್ಪನ ಆಳುಗಳು.

"ಅಂಜೋ ಕುಮಾರ್ ಅವರ, ಆರಾಮ್ರೀ?" ಝಾನ್ಸಿ ಪಿಸುಗುಟ್ಟಿದಳು. "ಯಾಕ ಬರಲಿಲ್ಲ?"

"ನೀನ ಒಲ್ಲೆ ಅಂದ್ಯಲ್ಲ! ಕೃಷ್ಣಾ ರೈಲ್ವೆ ಸ್ಟೇಷನ್ನಿಗೆ ಬರಾಕ ಆಕೈತೇನು ಅಂದ್ರ ಇಂಗ್ಲಿಷ್ ಅಕ್ಷರದಾಗ 'ಕಾದು' ಅಂತ ಮೆಸೇಜ್ ಹಾಕಿದಿ. ಆಗಲ್ಲ ಅಂತ ತೆಲುಗಿನಾಗ."

"ಅಯ್ಯೋ, ಅದು ಕನ್ನಡನೋ! 'ಕಾದು' ಅಂತ ಕಳಿಸಿ 'ಕುಂತೀನಿ' ಅನ್ನೋದ್ರಾಗ ಫೋನ್ ಸತ್ತಿತು. ಅಣ್ಣಗೋಳು ಬಂದು ಎಳಕೊಂಡು ಹೋಗೋತನ ಅಲ್ಲೇ ಕುಂತಿದ್ದೆ."

ಅಂಜನ ಮೊದಲ ಸಲ ಕಣ್ಣೆತ್ತಿದ.

ಅವಳಪ್ಪ ಮೊಗುಲಪ್ಪನದು ನದಿಯ ಕಳ್ಳ ಉಸುಕಿನ ದಂಧೆ. ಮಕ್ತಲ್‌ನಲ್ಲಿ ಅವನಿಗೆ ಹಗೆಯಾದ ಅಂಥದೇ ಇನ್ನೊಂದು ಮನೆತನ. ಅಣ್ಣತಮ್ಮಂದಿರು, ಅಳಿಯಂದಿರೇ ಗ್ಯಾಂಗು. ಒಳಗೆ ಬರಲು ರಕ್ತ ಬೇಕು, ಇಲ್ಲವೇ ತಾಳಿ. ಇಟಲಿಯ ಮಾಫಿಯಾ ಮನೆತನಗಳೂ ಹೀಗೇ ಹೆಣ್ಣು ಕೊಟ್ಟು ಹಗೆ ಮುಗಿಸುತ್ತವಂತೆ. ಅದನ್ನು ಎಲ್ಲೋ ಓದಿ ಅಂಜನ, "ನಿಮ್ಮಪ್ಪ ಇಟಲಿ ಅಲ್ಲ, ಇಡ್ಲಿ ಡಾನ್" ಎಂದು ನಗಿಸಿದ್ದ. ಈಗ ಮಕ್ತಲ್‌ಗೆ ಹೋಗುವ ಹೆಣ್ಣು ಝಾನ್ಸಿಯೇ.

"ಓಡೋಣೇನು?" ಎಂದ.

"ಅತ್ತಿ ಒಂದು ಕೂಗು ಹಾಕಿದ್ರ ಸಾಕು, ಇಬ್ಬರನ್ನೂ ಉಸುಕಿನಾಗ ಹೂಳ್ತಾರ." ಅವಳು ಬಾಗಿಲತ್ತ ನೋಡಿದಳು. "ಕಾಲೇಜಿನಾಗ ಎಲ್ಲಾರ ದನಿ ತೆಗೆದು ಅಣಕ ಮಾಡ್ತಿದ್ದ್ಯಲ್ಲ, ಒಮ್ಮೆ ಅಪ್ಪನ ದನಿ ತೆಗಿ. ಹೋಗು ಅಂತ ಆತ ಎಂದೂ ಅನ್ನಂಗಿಲ್ಲ. ನಿನ್ನ ಬಾಯಾಗರ ಕೇಳ್ತೀನಿ."

ಅಂಜನ ಕೆಮ್ಮಿದ. ಮೊಗುಲಪ್ಪನ ಗೊಗ್ಗರು ದನಿ ಮಗ್ಗದ ಮೇಲೆ ಉರುಳಿತು.

"ಹೋಗವ್ವಾ ಝಾನ್ಸಿ. ಮನಸು ಎಲ್ಲೈತಿ, ಅಲ್ಲಿಗಿ ಹೋಗು."

ಭೀಮಮ್ಮ ದಡಕ್ಕನೆ ಎದ್ದು ಸೆರಗು ತಲೆಗೆಳೆದಳು. ಒಳಗೆ ಇಣುಕಿದಳು. ಅಣ್ಣನಿಲ್ಲ; ಕಣ್ಣೀರಿಳಿಯುತ್ತಿದ್ದ ನೇಕಾರ.

"ನನ್ನ ಕೊಟ್ಟಾಗ ಈ ಮಾತು ಯಾರೂ ಆಡಲಿಲ್ಲ," ಎಂದಳು ಭೀಮಮ್ಮ. "ಅಣ್ಣನ ದನೀನ ಅದು. ನಾ ಕಿವ್ಯಾರೆ ಕೇಳೀನಿ. ಆತನ ಮಾತು ಎಂದಾರ ಮೀರೀನೇನು? ಹಿತ್ತಲ ಕದ ತೆಗಿಯೋ."

ಝಾನ್ಸಿ ಅವನ ಕೈ ಹಿಡಿದಳು. ಇಬ್ಬರೂ ಹಿತ್ತಲತ್ತ ನಡೆದರು.

ಭೀಮಮ್ಮ ಜಗಲಿಗೆ ಬಂದು ಜೀಪಿನತ್ತ ಗಟ್ಟಿಯಾಗಿ ಕೂಗಿದಳು: "ಅಂಚು ಸರಿ ಇಲ್ರೋ! ಹುಡುಗಿ ಬ್ಯಾರೆ ಸೀರಿ ನೋಡಾಕತ್ತಾಳ. ತಡಾ ಆಕೈತಿ, ಚಾ ಕುಡಕೊಂಡು ಬರ್ರಿ!"