ಹಿಂದಿನ ಸೀಟಿನ ಉಸಿರು

ಸಂಜೆ ಆರೂವರೆಗೆ, ಈಜುಕೊಳದ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕಾರು ಅವಳ ಬೆನ್ನ ಹಿಂದೆ ಬಂದು ನಿಂತಿತು. ಅವಳಿಗೆ ಕೇಳಿಸಲಿಲ್ಲ.

ಬೇರೆಯವರಿಗೆ ಅದು ದೊಡ್ಡ ಸಂಗತಿಯಲ್ಲ. ಆದರೆ ಮಕ್ಕಳ ಕಿವಿ ಪರೀಕ್ಷಿಸುವುದು ಅವಳ ಉದ್ಯೋಗ. ಪಕ್ಕದ ಕೋಣೆಯಲ್ಲಿ ಪೆನ್ನು ಉರುಳಿದರೂ ತಲೆ ಎತ್ತುವವಳು ಅವಳು.

ಹೆಡ್‌ಲೈಟು ಹೊತ್ತಿ, ಎದುರಿನ ಗೋಡೆಯ ಮೇಲೆ ತನ್ನದೇ ನೆರಳು ಆಳೆತ್ತರಕ್ಕೆ ಎದ್ದಾಗ ಅವಳು ಚೀರಿದಳು.

"ಅಯ್ಯೋ, ಹೆದರಿಸಿಬಿಟ್ನಾ?" ಇಳಿದು ಬಂದವನ ತಲೆಗೂದಲು ಇನ್ನೂ ಒದ್ದೆಯಾಗಿತ್ತು.

"ಹಾರ್ನ್ ಇಲ್ವಾ ಇದಕ್ಕೆ?"

"ಇದೆ. ಬಳಸೇ ಇಲ್ಲ, ಹೊಸದರ ಹಾಗಿದೆ. ಜಾಹೀರಾತಲ್ಲಿ ಅದನ್ನೂ ಹಾಕ್ಬೇಕಿತ್ತು."

ಸಿಟ್ಟು ಮಾಡಿಕೊಳ್ಳಬೇಕೆಂದು ಹೊರಟವಳಿಗೆ ನಗು ಬಂತು. ಛೆ!

ಅವನು ಅದೇ ಕೊಳದಲ್ಲಿ ಈಜು ಕಲಿಸುವ ಮೇಷ್ಟ್ರು. ಮಾರಾಟಕ್ಕಿಟ್ಟಿದ್ದ ಆ ಕಾರು ಹಳೆಯ ಹೈಬ್ರಿಡ್. ಮೆಲ್ಲಗೆ ಹೋಗುವಾಗ ಬ್ಯಾಟರಿಯ ಮೇಲೆ, ವೇಗ ಹೆಚ್ಚಿದರೆ ಪೆಟ್ರೋಲಿನ ಮೇಲೆ ಓಡುವ ಬಂಡಿ. ಅವಳಿಗೆ ಊರಾಚೆಯ ಶಾಲೆಗಳ ಹೊಸ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಸ್ವಂತ ವಾಹನ ಇದ್ದರೆ ಮಾತ್ರ ಆ ಕೆಲಸ. ಅವತ್ತು ಗುರುವಾರ.

"ನೀವೇ ಓಡಿಸಿ ನೋಡಿ," ಅಂದವನು ಪಕ್ಕದಲ್ಲಿ ಕೂತ.

ಕಾರು ನೀರಿನ ಮೇಲೆ ತೇಲಿದಂತೆ ಹೊರಟಿತು. ಸಂಜೆಯ ರಸ್ತೆ, ಬಾಗಿಲು ಹಾಕುತ್ತಿದ್ದ ಅಂಗಡಿಗಳು, ಮಂಜಿನಲ್ಲಿ ಹಳದಿಯಾದ ದೀಪಗಳು. ಒಳಗೆ ಪಿನ್‌ಡ್ರಾಪ್ ನಿಶ್ಶಬ್ದ. ಅವನ ಮೈಯಿಂದ ಕೊಳದ ಕ್ಲೋರಿನ್ ವಾಸನೆ ಬರುತ್ತಿತ್ತು. 'ಇದೇನಿದು, ಈ ವಾಸನೆ ನನಗ್ಯಾಕೆ ಹಿಡಿಸ್ತಿದೆ?' ಎಂದು ಅವಳು ತನ್ನನ್ನೇ ಗದರಿಕೊಂಡಳು.

ಆಗ ಕೇಳಿಸಿತು.

ಹಿಂದಿನ ಸೀಟಿನಿಂದ... ಉಸಿರು.

ಎಳೆದುಕೊಂಡು, ತಡೆದು, ಬಿಟ್ಟಂತೆ. ನಿದ್ದೆ ಹೋದವರ ಉಸಿರು.

ಕನ್ನಡಿ ನೋಡಿದಳು. ಮಡಚಿಟ್ಟ ಒಂದು ಹೊದಿಕೆ. ಬೇರೇನೂ ಇಲ್ಲ.

"ಹಿಂದೆ... ಯಾರಾದ್ರೂ ಇದ್ದಾರಾ?"

ಅವನ ಮುಖ ಬಿಳುಚಿತು. "ಇಲ್ಲ," ಅಂದ. ಆದರೆ ಹಾಗೆನ್ನುವ ಮೊದಲು ಅವನೂ ಒಮ್ಮೆ ಹಿಂದೆ ತಿರುಗಿ ನೋಡಿದ್ದ!

ಇನ್ನೊಂದನ್ನು ಅವಳು ಗಮನಿಸಿದಳು. ಕೊಳದ ದಡದಿಂದ ಕೂಗಿ ಕೂಗಿ ಪಾಠ ಹೇಳುವ ಮನುಷ್ಯ ಕಾರಿನೊಳಗೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದ. ರಸ್ತೆಯುಬ್ಬು ಬಂದಾಗ "ಸ್ವಲ್ಪ ಮೆಲ್ಲಗೆ" ಅಂದ. ಕೊನೆಗೆ ಕೆಳಗಿಳಿದು ಹೊದಿಕೆ ಸರಿಪಡಿಸಿ, ಹಿಂದಿನ ಬಾಗಿಲನ್ನು ಎರಡೂ ಕೈಯಿಂದ ಸದ್ದಾಗದಂತೆ ಮುಚ್ಚಿದ.

ತೊಟ್ಟಿಲಿರುವ ಕೋಣೆಯ ಬಾಗಿಲನ್ನು ಹಾಗೆ ಮುಚ್ಚುತ್ತಾರೆ.

"ಮನೇಲಿ ಯಾರ್ಯಾರಿದ್ದೀರಿ?" ಅವಳು ಕೇಳಿದಳು.

"ನಾನೊಬ್ಬನೇ."

ಮರುದಿನ ಅವನು ಕಾರನ್ನು ಅವಳ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಪರೀಕ್ಷೆಗೆ ಬಿಟ್ಟು, ತರಗತಿಗೆ ಹೋದ.

"ಏನು ಕಿವಿ ಡಾಕ್ಟ್ರೇ, ಕಾರು ನೋಡೋಕೆ ಬಂದ್ರೋ, ಕಾರಿನವನನ್ನೋ? ಅವನು ಹೋದ ದಾರೀನೇ ನೋಡ್ತಾ ನಿಂತಿದ್ದೀಯಲ್ಲ!"

"ಚಿಕ್ಕಪ್ಪಾ, ಸುಮ್ನೆ ಕೆಲಸ ನೋಡಿ."

ಚಿಕ್ಕಪ್ಪ ತಮ್ಮ ಉಪಕರಣವನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರು. ಪರದೆ ನೋಡುತ್ತಿದ್ದಂತೆ ಅವರ ತಮಾಷೆ ನಿಂತಿತು.

"ಬ್ಯಾಟರಿ ಬಿಸಿಯಾಗ್ತಿದೆ ಅಂತ ಎಚ್ಚರಿಕೆ ದೀಪ ಎಷ್ಟೋ ಸಲ ಬಂದಿದೆ ಕಣೇ. ಪ್ರತಿ ಸಲವೂ ಅಳಿಸಿದ್ದಾರೆ. ಗೊತ್ತಿದ್ದೇ ಅಳಿಸಿದ್ದಾರೆ."

ಅವಳು ಪರದೆಯತ್ತ ಬಾಗಿದಳು. 'ಮೋಸವಾ? ಆ ಕಣ್ಣು ಮೋಸ ಮಾಡೋ ಕಣ್ಣಾ?'

ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಅದನ್ನು ತಂಪಾಗಿಡುವ ಫ್ಯಾನು ಸೀಟಿನ ಪಕ್ಕದ ಜಾಲರಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಚಿಕ್ಕಪ್ಪ ಜಾಲರಿ ಬಿಚ್ಚಿ, ಎರಡು ಬೆರಳು ಒಳಗೆ ತೂರಿಸಿ, ಎಳೆದರು.

ಕೂದಲು.

ಎಳೆದಷ್ಟೂ ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ಕಪ್ಪಾದ, ಬುಡದಲ್ಲಿ ಬೆಳ್ಳಗಾದ ಹೆಂಗಸಿನ ಕೂದಲು.

"ನಾಯಿ ಕೂದಲು ತೆಗೆದಿದ್ದೀನಿ, ಬೆಕ್ಕಿನದೂ ತೆಗೆದಿದ್ದೀನಿ," ಚಿಕ್ಕಪ್ಪನ ದನಿ ತಗ್ಗಿತು. "ಇಂಥದ್ದು ಇದೇ ಮೊದಲು. ಈ ಕಾರು ಬೇಡ ಮರಿ."

ಅವಳು ಆ ಕೂದಲನ್ನು ತನ್ನ ಕರವಸ್ತ್ರದೊಳಗೆ ತೆಗೆದುಕೊಂಡಳು. ಮನೆಯಲ್ಲಿ ತಾನೊಬ್ಬನೇ ಅಂದನಲ್ಲ... ಹಾಗಾದರೆ ಇಲ್ಲಿ ಮಲಗುತ್ತಿದ್ದವಳು ಯಾರು? ಅವಳೀಗ ಎಲ್ಲಿ?

ಫೋನ್ ಮಾಡಿದಳು.

"ಕಾರು ನನಗೆ ಬೇಡ. ಜಾಲರಿಯೊಳಗೆ ಕೂದಲು ಸಿಕ್ತು. ಯಾರದ್ದು?"

ಆ ಕಡೆ ನೀರಿನ ಸದ್ದು, ಮಕ್ಕಳ ಗಲಾಟೆ.

"ತೆಗೆದುಬಿಟ್ರಾ?... ಎಸೆದ್ರಾ?"

"ಇಲ್ಲ."

"ಎಸೀಬೇಡಿ. ದಯವಿಟ್ಟು... ಬಂದೆ!"

ಒದ್ದೆ ಮೈಮೇಲೆ ಅಂಗಿ ಹಾಕಿಕೊಂಡು, ರಬ್ಬರ್ ಚಪ್ಪಲಿಯಲ್ಲೇ ಓಡಿ ಬಂದ. ಅವಳ ಕರವಸ್ತ್ರದಲ್ಲಿದ್ದ ಕೂದಲನ್ನು ನೋಡಿ ಅಲ್ಲೇ ಟೈರುಗಳ ಮೇಲೆ ಕುಸಿದ.

"ಅಮ್ಮಂದು," ಅಂದ.

ಚಿಕ್ಕಪ್ಪ ಕೈಯಲ್ಲಿದ್ದ ಜಾಲರಿಯನ್ನು ಕೆಳಗಿಟ್ಟರು.

"ಕ್ಯಾನ್ಸರ್. ಔಷಧಿ ಶುರುವಾದ ಮೇಲೆ ಹಾಸಿಗೆ ಮೇಲೆ ನಿದ್ದೇನೇ ಬರ್ತಿರ್ಲಿಲ್ಲ ಅವರಿಗೆ. ಈ ಸೀಟಲ್ಲಿ ಮಲಗಿಸಿ ಮೆಲ್ಲಗೆ ಸುತ್ತಿಸಿದ್ರೆ ಮಾತ್ರ. ಎಂಜಿನ್ ಸದ್ದಾದ್ರೆ ಎಚ್ಚರ ಆಗ್ಬಿಡೋದು, ಅದಕ್ಕೇ ಬರೀ ಬ್ಯಾಟರಿ ಮೇಲೆ ಓಡಿಸ್ತಿದ್ದೆ. 'ಊರೋರ ಮಕ್ಕಳಿಗೆಲ್ಲ ತೇಲೋದು ಕಲಿಸ್ತೀಯ, ನಾನಿಲ್ಲೇ ಕಲಿತೆ ನೋಡು' ಅನ್ನೋರು. ಕೂದಲು ಉದುರಿದ್ದೂ ಇಲ್ಲೇ."

"ಆಮೇಲೆ?" ಅವಳು ಕೇಳಿದಳು.

"ಹೋದ ವರ್ಷ ಹೋಗಿಬಿಟ್ರು. ಒಂದು ಸಂಜೆ ಸುಮ್ನೆ ಸುತ್ತುತ್ತಿದ್ದೆ... ಹಿಂದಿನಿಂದ ಉಸಿರು ಕೇಳ್ತು. ಅವರು ನಿದ್ದೆ ಮಾಡ್ತಿದ್ದ ಹಾಗೇ. ಜಾಲರಿ ಕಟ್ಟಿದೆ, ತೊಳೀಬೇಕು ಅಂದ್ರು ಮೆಕ್ಯಾನಿಕ್. ನಾಳೆ ಅಂದೆ. ನಾಳೆ ನಾಳೆ ಅಂತಲೇ ಬಂತು. ದೀಪ ಹೊತ್ತಿದಾಗೆಲ್ಲ ನಾನೇ ಅಳಿಸ್ದೆ."

"ಅದನ್ನ ಮೊದಲೇ ಹೇಳೋದು ಬಿಟ್ಟು ಮಾರೋಕೆ ಬಂದ್ಯಲ್ಲಪ್ಪಾ," ಚಿಕ್ಕಪ್ಪ ರೇಗಿದರು.

"ಹೇಳೋಕೇ ಬಂದಿದ್ದೆ ಸಾರ್. 'ನಿನಗೆ ಹುಚ್ಚು ಹಿಡೀತಿದೆ, ಮಾರಿಬಿಡು' ಅಂತ ಅಕ್ಕ ಅತ್ಲು. ಅವಳಿಗೆ ಆ ಸದ್ದು ಕೇಳ್ಸಲ್ಲ. ಯಾರಿಗೂ ಕೇಳ್ಸಲ್ಲ." ಅವನು ಅವಳತ್ತ ತಲೆ ಎತ್ತಿದ. "ನಿನ್ನೆ ನೀವು, ಹಿಂದೆ ಯಾರಾದ್ರೂ ಇದ್ದಾರಾ ಅಂತ ಕೇಳಿದ್ರಿ... ಆಮೇಲೆ ದೀಪದ ವಿಷಯ ಹೇಳೋಕೆ ಬಾಯೇ ಬರ್ಲಿಲ್ಲ."

ಅವಳ ಕಣ್ಣು ಮಂಜಾಯಿತು. ಕಿವಿ ಪರೀಕ್ಷೆಗೆ ಬರುವ ಮಕ್ಕಳು ನೆನಪಾದರು. 'ಕೇಳಿಸ್ತಾ?' ಅಂದಾಗ ಕೈ ಎತ್ತಬೇಕು. ಅದಷ್ಟೇ ಪರೀಕ್ಷೆ. ಇವನು ಒಂದು ವರ್ಷದಿಂದ ಒಬ್ಬನೇ ಕೈ ಎತ್ತಿಕೊಂಡು ಕೂತಿದ್ದಾನೆ!

"ಅದು ಕೂದಲ ನಡುವೆ ಗಾಳಿ ಎಳೀತಿದ್ದ ಫ್ಯಾನಿನ ಸದ್ದು. ತೊಳೆದ್ರೆ ಹೋಗುತ್ತೆ," ಅವಳು ಮೆಲ್ಲಗೆ ಹೇಳಿದಳು. "ತೊಳೀದಿದ್ರೆ ಕಾರೇ ಹೋಗುತ್ತೆ."

"ಗೊತ್ತು."

"ಹಾಗಾದ್ರೆ ನೀವೇ ತೊಳೀರಿ. ಬೇರೆಯವರ ಕೈ ಬೇಡ."

ಅವನು ಗ್ಯಾರೇಜಿನ ನಲ್ಲಿಯ ಕೆಳಗೆ ಜಾಲರಿ ಹಿಡಿದ. ಅವಳು ಇನ್ನೊಂದು ಅಂಚನ್ನು ಹಿಡಿದುಕೊಂಡಳು. ಕರವಸ್ತ್ರವನ್ನು ಗಂಟು ಹಾಕಿ ಅವನ ಅಂಗಿಯ ಜೇಬಿಗೆ ಇಟ್ಟಳು. ಚಿಕ್ಕಪ್ಪ ಯಾಕೋ ಬೆನ್ನು ತಿರುಗಿಸಿ, ಆಗಲೇ ಬಿಗಿಯಾಗಿದ್ದ ಒಂದು ಬೋಲ್ಟನ್ನು ಮತ್ತೆ ಮತ್ತೆ ಬಿಗಿಮಾಡುತ್ತಿದ್ದರು.

ಜಾಲರಿ ಕೂರಿಸಿ ಅವರಿಬ್ಬರೇ ಒಂದು ಸುತ್ತು ಹೊರಟರು. ಅದೇ ರಸ್ತೆ, ಅದೇ ಮಂಜು. ಹಿಂದಿನಿಂದ ಸದ್ದಿಲ್ಲ. ಅವನು ಕಿಟಕಿಯ ಕಡೆ ಮುಖ ಮಾಡಿದ್ದ.

"ನಾನು ಇದನ್ನ ತಗೋತೀನಿ," ಅಂದಳು.

"ಸಂತೋಷ..." ಅಂದ. "ನಾಳೆ ಸಂಜೆಯಿಂದ ನಾನೇನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

"ಪಕ್ಕದ ಸೀಟು ಖಾಲಿ ಇರುತ್ತೆ. ನಾನು ಕಾರಲ್ಲಿ ಒಬ್ಬಳೇ ಮಾತಾಡ್ಕೊಂಡು ಹೋದ್ರೆ ಜನ ಏನಂತಾರೆ?"

ಅವನು ತಿರುಗಿ ನೋಡಿದ. ಮೊದಲ ಬಾರಿಗೆ ಪಿಸುಮಾತು ಬಿಟ್ಟು, ಕೊಳದ ದಡದ ದನಿಯಲ್ಲಿ ನಕ್ಕ.

ರಸ್ತೆಯುಬ್ಬು ಬಂತು. ಅವಳು ತಾನಾಗಿಯೇ ಮೆಲ್ಲಗೆ ಇಳಿಸಿದಳು.

ಹಿಂದಿನಿಂದ ಒಂದು ನಿಟ್ಟುಸಿರು. ಒಂದೇ ಒಂದು. ನೆಮ್ಮದಿಯಾಗಿ ಮಗ್ಗುಲು ಬದಲಿಸಿದವರದ್ದು...

ಚಿಕ್ಕಪ್ಪನ ಉಪಕರಣ ಇನ್ನೂ ಸ್ಟೀರಿಂಗಿನ ಕೆಳಗೇ ಸಿಕ್ಕಿಕೊಂಡಿತ್ತು. ಅದರ ಪರದೆಯಲ್ಲಿ ಫ್ಯಾನಿನ ವೇಗ ಸೊನ್ನೆ.

ಇಬ್ಬರೂ ತಿರುಗಲಿಲ್ಲ.

"ಕೇಳಿಸ್ತಾ?" ಅವನು ಕೇಳಿದ.

ಅವಳು ಸ್ಟೀರಿಂಗಿನಿಂದ ಒಂದು ಕೈ ಮೇಲೆತ್ತಿದಳು. ಆಮೇಲೆ ಆ ಕೈಯನ್ನು ಅವನ ಕೈಮೇಲೆ ಇಳಿಸಿದಳು.

ಸೋಮವಾರ ಅವಳು ಆ ಕಾರಿನಲ್ಲೇ ಕೆಲಸಕ್ಕೆ ಹೋದಳು. ಮುಂದಿನ ವರ್ಷ ಅವರ ಮದುವೆಯಾಯಿತು. ಬ್ಯಾಟರಿ ಇನ್ನೂ ಕೈಕೊಟ್ಟಿಲ್ಲ. ಹಿಂದಿನ ಬಾಗಿಲನ್ನು ಇಬ್ಬರೂ ಈಗಲೂ ಎರಡು ಕೈಯಿಂದಲೇ ಮುಚ್ಚುತ್ತಾರೆ.