ದೀಪ ಹಚ್ಚಿದ ಮೇಲೆ ಹೆಪ್ಪು

ಭೀಮೇಶನಿಗೆ ಆ ಬಾಸ್ಕ್ ಹಾಡಿನ ಮೇಲೆ ಕೆಟ್ಟ ಸಿಟ್ಟು. ಇಂದಿರಾನಗರದ ಬೇಕರಿಯಲ್ಲಿ ಹಿಟ್ಟು ನಾದುತ್ತಾ ಶೆಫ್ ಮೇಡಂ ಗುನುಗುತ್ತಿದ್ದ ಹಾಡದು. ಸ್ಪೇನಿನ ಬಡಗಣ ಮೂಲೆಯ ಬಾಸ್ಕ್ ನಾಡಿನವರು ಅವರು. ಅಲ್ಲೇ ಭೀಮೇಶನ ಜೊತೆಗೆ ಕೆಲಸ ಮಾಡುವ ತೇಜಶ್ರೀ ಅದನ್ನು ಕಲಿತಳು. ಕಲಿತದ್ದಷ್ಟೇ ಅಲ್ಲ, ಈಗ ಮೇಡಂ ಊರಿನ ಬೇಕರಿಗೇ ಎರಡು ವರ್ಷಕ್ಕೆ ಹೊರಟೂ ನಿಂತಳು!

"ಅರ್ಥ ಏನು ಮೇಡಂ?" ಅಂತ ಒಂದಿನ ಕೇಳಿದ್ದ. ಬಾಗಿಲು ಎಳೆದುಕೊಂಡು ಹೊರಟೆ, ತಿರುಗಿ ನೋಡಲಾರೆ ಅಂತ ಅವರು ಶುರು ಮಾಡುವಷ್ಟರಲ್ಲಿ ಓವನ್ ಕೂಗಿತು. ಇವನಿಗೆ ಅಷ್ಟೇ ಸಾಕಾಯಿತು. ಅಂಥ ಹಾಡನ್ನು ನಗುನಗುತ್ತಾ ಹಾಡೋಳಿಗೆ ನಾನ್ಯಾವ ಲೆಕ್ಕ ಅಂತ ಪುಣ್ಯಾತ್ಮ ತೇಜಶ್ರೀ ಹತ್ತಿರ ಮಾತೇ ಬಿಟ್ಟ. ಪ್ರೀತಿ ಹೇಳೋಕೆ ಬಾಯಿಲ್ಲ, ಮುಖ ಊದಿಸಿಕೊಳ್ಳೋಕೆ ಮಾತ್ರ ಬರುತ್ತೆ!

ಅವಳು ಹೊರಡುವ ಹಿಂದಿನ ಸಂಜೆ ತಡೆಯಲಾಗಲಿಲ್ಲ. ಅವಳು ದಿನಾ ಇವನಿಗೆ ಮೊಸರನ್ನ ತರುತ್ತಿದ್ದ ಸ್ಟೀಲ್ ಡಬ್ಬಿ ವಾಪಸ್ ಕೊಡೋ ನೆಪ ಹಿಡಿದು, ಮರ್ಫಿ ಟೌನಿನಿಂದ ಜೋಗುಪಾಳ್ಯಕ್ಕೆ ನಡೆದೇ ಬಂದ. ಅವಳಮ್ಮ ಮಂಜುಳಮ್ಮ ಆಗಷ್ಟೇ ದೇವರ ದೀಪ ಹಚ್ಚಿದ್ದರು. ಬುದ್ಧನ ಫೋಟೋ ಇಟ್ಟ ಮನೆಯ ಹುಡುಗ, ಜಾತಿ ಬೇರೆ ಅಂತ ಅವರು ಇವನನ್ನು ಎಂದೂ ಹೊಸ್ತಿಲು ದಾಟಿಸಿದವರಲ್ಲ. ಹೊರಗಿನ ಮೆಟ್ಟಿಲ ಮೇಲೇ ಕೂತ.

ತೇಜಶ್ರೀ ಬಂದು ಪಕ್ಕದಲ್ಲಿ ಕೂತು ಓರೆಗಣ್ಣಲ್ಲಿ ನೋಡಿದಳು. "ಏನ್ ಸ್ವಾಮಿ, ಮೌನವ್ರತ ಮುಗೀತಾ?"

"ತಿರುಗಿ ನೋಡದೆ ಹೋಗೋಳ ಹತ್ರ ಏನ್ ಮಾತಾಡೋದು?"

"ಅಯ್ಯೋ ಪೆದ್ದ! ಹಾಡು ಪೂರ್ತಿ ಕೇಳಿದ್ಯಾ? ಯುದ್ಧದಲ್ಲಿ ಊರು ಹಾಳಾಗಿರುತ್ತೆ. ಹೊರಡೋಳು ಒಲೆಯ ಕೆಂಡ ಎರಡು ಪಾಲು ಮಾಡ್ತಾಳೆ. ಒಂದು ಅವಳ ಜೊತೆ ಹೋಗುತ್ತೆ. ಇನ್ನೊಂದನ್ನ ಉಳಿಯೋನಿಗೆ ಕೊಟ್ಟು, ಆರೋಕೆ ಬಿಡಬೇಡ, ಈ ಒಲೆಗೇ ವಾಪಸ್ ಬರ್ತೀನಿ ಅಂತಾಳೆ. ತಿರುಗಿ ನೋಡಿದ್ರೆ ಕಾಲು ಏಳಲ್ಲ, ಅದಕ್ಕೇ ನೋಡಲ್ಲ. ಹಾಡ್ದಾಗೆಲ್ಲ ನಿನ್ನೇ ನೋಡ್ತಿದ್ದೆ ಕಣೋ."

"ನಗ್ತಿದ್ಯಲ್ಲೇ?"

"ಅತ್ತಿದ್ರೆ ಬ್ರೆಡ್ಡಿಗೆ ಉಪ್ಪು ಜಾಸ್ತಿ ಆಗ್ತಿತ್ತು."

ನಗಲು ಹೋದವಳ ಕಣ್ಣು ತುಂಬಿತು. ಭೀಮೇಶನಿಗೆ ತನ್ನ ಮೇಲೇ ನಾಚಿಕೆಯಾಯಿತು. ಡಬ್ಬಿ ಮುಂದೆ ಚಾಚಿದ.

"ನಂಗೆ ಕೆಂಡ ಬೇಡ. ನಿಮ್ಮನೆ ಮೊಸರಿನ ಹೆಪ್ಪು ಕೊಡು. ದಿನಾ ಹಾಲಿಗೆ ಹಾಕ್ತೀನಿ, ಒಂದಿನಾನೂ ತಪ್ಪಿಸಲ್ಲ. ನೀನು ಬಂದಾಗ ಅದೇ ಮೊಸರು ಬಡಿಸ್ತೀನಿ. ನೀನಂದ್ರೆ ನಂಗೆ ಪ್ರಾಣ ತೇಜು. ಹೋಗ್ಬಾ."

ಒಳಗಿನಿಂದ ಮಂಜುಳಮ್ಮನ ದನಿ ಬಂತು. "ದೀಪ ಹಚ್ಚಿದ್ಮೇಲೆ ಹೊರಗಿನೋರಿಗೆ ಹೆಪ್ಪು ಕೊಡಲ್ಲ ನಮ್ಮನೇಲಿ. ಲಕ್ಷ್ಮಿ ಹೊರಟುಹೋಗ್ತಾಳೆ."

ಭೀಮೇಶನ ಮುಖ ಸಪ್ಪಗಾಯಿತು. ಎದ್ದು ಚಪ್ಪಲಿಗೆ ಕಾಲು ತೂರಿಸಿದ. ತೇಜಶ್ರೀ ಅವನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಮಂಜುಳಮ್ಮ ಬಾಗಿಲಿಗೆ ಬಂದರು. ಮಗಳ ಮುಖ ನೋಡಿದರು, ಹಿಡಿದ ಕೈ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡರು.

"ಎಲ್ಲಿಗಪ್ಪಾ ಹೊರಟೆ? ಹೊರಗಿನೋರಿಗೆ ಕೊಡಲ್ಲ ಅಂದೆ, ಅಷ್ಟೇ. ಕೈಕಾಲು ತೊಳ್ಕೊಂಡು ಒಳಗೆ ಬಾ. ಮೊಸರಿನ ಗಡಿಗೆ ಅಡುಗೆಮನೇಲಿದೆ, ನೀನೇ ತಗೋ."

ತೇಜಶ್ರೀ ಕಣ್ಣೊರೆಸಿಕೊಂಡು, ಅವನು ಕಾಲು ತೊಳೆಯಲೆಂದು ಮೆಟ್ಟಿಲ ಪಕ್ಕದ ನಲ್ಲಿ ತಿರುಗಿಸಿದಳು.