ಅಡುಗೆಮನೆಯ ಪರದೆಯಲ್ಲಿ ಉಳಿದದ್ದು

ನೋಟಸಂಗ್ರಾಹಕ ಯಂತ್ರ ಸದ್ದು ಮಾಡುತ್ತಿರಲಿಲ್ಲ. ಅಕ್ಕಿ ಡಬ್ಬಿಯಷ್ಟು ದೊಡ್ಡ ಬೂದು ಪೆಟ್ಟಿಗೆ ಅದು. ಅದರ ಮುಂದಿನ ಖಾಲಿ ಪುಟದ ಮೇಲೆ ಮೊದಲು ಒಂದು ಪದದ ಕೊನೆ ಮೂಡಿತು, ಆಮೇಲೆ ಅದರ ಆರಂಭ, ಆಮೇಲೆ ಅರ್ಧ ಚಿತ್ರ. ದಾಕ್ಷಾಯಣಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು. ಹನ್ನೊಂದು ತಿಂಗಳಿಂದ ಅವಳು ಎಲ್ಲವನ್ನೂ ಹೀಗೆಯೇ ನೋಡುತ್ತಿದ್ದಳು, ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವವಳಂತೆ.

ಆ ಕಾಲದ ಪರದೆಗಳು ವಿದ್ಯುತ್ ಉಳಿಸಲೆಂದು ಓದುವವರ ಕಣ್ಣು ಇರುವ ಸಾಲನ್ನು ಮಾತ್ರ ಪೂರ್ತಿ ಬೆಳಗಿಸುತ್ತಿದ್ದವು. ಉಳಿದ ಸಾಲುಗಳು ಮಬ್ಬಾಗಿರುತ್ತಿದ್ದವು. ಹಾಗೆ ಬೆಳಗಿದ ಪ್ರತಿ ಸಾಲಿನ ಗುರುತು ಪರದೆಯೊಳಗೆ ಕೆಲವು ವರ್ಷ ಉಳಿಯುತ್ತಿತ್ತು. ಅದಕ್ಕೆ ನೋಟನೆರಳು ಎಂದು ಹೆಸರು. ಯಾರಿಗೂ ಬೇಡವಾಗಿದ್ದ ಆ ನೆರಳುಗಳನ್ನು ಬೇರೆ ಬೇರೆ ಮನೆಗಳ ಪರದೆಗಳಿಂದ ಕೂಡಿಸಿ, ಅಳಿದುಹೋದ ಪುಟಗಳನ್ನು ಮತ್ತೆ ಕಟ್ಟಬಹುದೆಂದು ಕಂಡುಹಿಡಿದವರು ಹುಬ್ಬಳ್ಳಿಯ ಡಾ. ನಜೀರ್ ಬೇಪಾರಿ. ಈ ಯಂತ್ರ ಅವರದೇ.

ಮೊದಲ ದಿನವೇ ಅವರು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು. "ಬರೆದವರ ಕಡೆ ಅಳಿಸಿ ಹೋದರೂ ಓದಿದವರ ಕಡೆ ಇರತೈತ್ರಿ ಮೇಡಂ. ಆದ್ರ ಕಣ್ಣು ಹಾಯ್ದಷ್ಟೇ. ಯಾರೂ ಓದದ ಸಾಲು ನಮಗೂ ಸಿಗೂದಿಲ್ಲ."

ಆ ಕೊನೆಯ ಮಾತು ಅವಳನ್ನು ಮನೆಯವರೆಗೂ ಹಿಂಬಾಲಿಸಿತ್ತು.

ಅವಳ ಗಂಡ ಚನ್ನವೀರ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಊರಿನಲ್ಲಿ ಉಳಿದಿದ್ದ ಕೈಬರಹದ ಅಂಗಡಿ ಬೋರ್ಡುಗಳೆಂದರೆ ಅವನಿಗೆ ಹುಚ್ಚು. ಅವುಗಳಿಗಾಗಿಯೇ ಒಂದು ಜಾಲತಾಣ ಮಾಡಿದ್ದ. ವಾರಕ್ಕೊಂದು ಪುಟ, ಪುಟಕ್ಕೊಂದು ಬೋರ್ಡಿನ ಚಿತ್ರ, ಕೆಳಗೆ ನಾಲ್ಕು ಮಾತು. ಗುರುವಾರ ಬೆಳಿಗ್ಗೆ ಪುಟ ಹಾಕಿ, ಓದಿದೆಯಾ ಎಂದು ಕೇಳುತ್ತಿದ್ದ. ರಾತ್ರಿ ಓದುತ್ತೇನೆ ಎನ್ನುತ್ತಿದ್ದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ಬಂದವಳಿಗೆ ರಾತ್ರಿ ಕಣ್ಣು ಎಳೆಯುತ್ತಿತ್ತು. ಒಂದು ಗುರುವಾರ ಅವನು ಇನ್ನೂರ ನಾಲ್ಕನೆಯ ಪುಟ ಹಾಕಿ ಕಚೇರಿಗೆ ಹೋದ. ಕುರ್ಚಿಯಲ್ಲಿ ಕೂತಲ್ಲೇ ಕುಸಿದ.

ಆ ಪುಟವನ್ನು ತೆರೆಯುವ ಧೈರ್ಯ ಬರಲು ಅವಳಿಗೆ ಹತ್ತು ತಿಂಗಳು ಬೇಕಾಯಿತು. ತೆರೆಯಲು ಹೋದರೆ, ತಾಣದ ತಂತ್ರಾಂಶ ಹಳತಾಗಿದೆ, ಮೊದಲು ಅದನ್ನು ಮೇಲ್ದರ್ಜೆಗೆ ಏರಿಸಬೇಕು ಎಂಬ ಸೂಚನೆ ಬಂತು. ಅವನ ಸರ್ವರ್ ಪೆಟ್ಟಿಗೆ ಮನೆಯ ಪಡಸಾಲೆಯಲ್ಲೇ ಇತ್ತು. ಅವಳು ಒಪ್ಪಿಗೆ ಕೊಟ್ಟು, ಎರಡು ತಾಸಿನ ಕೆಲಸ ಎಂದು ನೋಡಿಕೊಂಡು ಸ್ನಾನಕ್ಕೆ ಹೋದಳು. ಅಂದು ಖಂಡೇನವಮಿ. ಆ ದಿನ ಮನೆಯ ಯಂತ್ರಗಳಿಗೆಲ್ಲ ಬಿಡುವು ಕೊಟ್ಟು ಪೂಜೆ ಮಾಡುವುದು ವಾಡಿಕೆ. ಚನ್ನವೀರ ಪ್ರತಿ ವರ್ಷ ತಾನೇ ಪೆಟ್ಟಿಗೆಯನ್ನು ಆರಿಸಿ ವಿಭೂತಿ ಹಚ್ಚುತ್ತಿದ್ದ. ಈ ಸಲ ಅವನ ತಾಯಿ ನಿಂಗವ್ವ ಆ ಕೆಲಸ ಮಾಡಿದಳು. ಮಿಕ್ಸಿ, ಸ್ಕೂಟರು, ಹೊಲಿಗೆ ಯಂತ್ರ ಒರೆಸಿದ ಮೇಲೆ ಪೆಟ್ಟಿಗೆಯ ಪ್ಲಗ್ ಕಿತ್ತು, ಮೂರು ಬೆರಳಿನ ವಿಭೂತಿ ಎಳೆದು, ಒಂದು ಚೆಂಡುಹೂವು ಇಟ್ಟಳು. ಅರ್ಧ ಹಳೆಯದು, ಅರ್ಧ ಹೊಸದಾಗಿದ್ದ ಪೆಟ್ಟಿಗೆ ಮತ್ತೆ ಏಳಲಿಲ್ಲ. ನಕಲು ಪ್ರತಿಯೂ ಅದರೊಳಗೇ ಇತ್ತು.

ದಾಕ್ಷಾಯಣಿ ಅತ್ತೆಗೆ ಒಂದು ಬಿರುಸು ಮಾತು ಆಡಲಿಲ್ಲ. ಮಾತನ್ನೇ ಆಡಲಿಲ್ಲ. ಊಟಕ್ಕೆ ಬಡಿಸಿ ಎದ್ದು ಹೋಗುತ್ತಿದ್ದಳು.

ಈಗ ಯಂತ್ರ ನಿಂತಿತು. ಬೇಪಾರಿ ಕನ್ನಡಕ ಏರಿಸಿಕೊಂಡು ನಕ್ಕರು. "ನಿಮ್ಮ ಮನ್ಯಾಗ ಭಾಳ ದೊಡ್ಡ ಓದುಗರದಾರ. ಹೊರಗಿನ ಏಳು ಮಂದಿ ಚಿತ್ರ ನೋಡಿ ಮುಂದ ಹೋಗ್ಯಾರ. ನಿಮ್ಮ ಅಡಗಿಮನಿ ಪರದೆ ಮಾತ್ರ ಇನ್ನೂರ ನಾಲ್ಕನ್ನೂ ಓದೈತಿ. ನೀವೇ ಅಲ್ರೀ?"

"ನಾ ಅಲ್ಲ," ಎಂದಳು ದಾಕ್ಷಾಯಣಿ. "ನಾ ಓದಿಲ್ರಿ," ಎಂದಳು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬೇಪಾರಿಯವರ ನಗು ನಿಂತಿತು. ಅವರು ಓದಿದವರ ಕಣ್ಣಿನ ಹಾದಿಯನ್ನು ಪರದೆಯ ಮೇಲೆ ತಂದು ತೋರಿಸಿದರು. ಮೊದಲ ಮೂವತ್ತು ಪುಟಗಳಲ್ಲಿ ಆ ಕಣ್ಣು ಚಿತ್ರದ ಸುತ್ತಲೇ ತಿರುಗಿತ್ತು. ಮೂವತ್ತೊಂದರಲ್ಲಿ ಬೋರ್ಡಿನ ಒಂದು ಅಕ್ಷರದ ಮೇಲೆ ನಿಂತು, ಕೆಳಗಿನ ಬರಹದಲ್ಲಿ ಅದೇ ಅಕ್ಷರವನ್ನು ಹುಡುಕಿ ನಾಲ್ಕು ಕಡೆ ಹಿಡಿದಿತ್ತು. ಅರವತ್ತರ ಹೊತ್ತಿಗೆ ಪದಗಳು, ನೂರರ ಹೊತ್ತಿಗೆ ಸಾಲುಗಳು. ಒಂದು ಪುಟಕ್ಕೆ ನಲವತ್ತು ನಿಮಿಷ. ಯಾವಾಗಲೂ ಬೆಳಿಗ್ಗೆ ಹತ್ತರ ನಂತರ.

"ಇದು ಬರೇ ಓದೂದಲ್ರಿ," ಎಂದರು ಅವರು. "ಅಕ್ಷರ ಕಲಿಯೂದು."

ಹತ್ತರ ನಂತರ ಮನೆಯಲ್ಲಿ ಇರುತ್ತಿದ್ದವಳು ಒಬ್ಬಳೇ. ಚನ್ನವೀರ ತೀರಿಕೊಂಡ ಮೇಲೆ ಕಚೇರಿಯ ಕಾಗದಗಳಿಗೆ ಅತ್ತೆಯ ಸಹಿ ಬೇಕಾದಾಗ, ಅಲ್ಲಿನ ಗುಮಾಸ್ತ ಕೇಳದೆಯೇ ಶಾಯಿಯ ಡಬ್ಬಿ ಮುಂದಿಟ್ಟಿದ್ದ. ನಿಂಗವ್ವ ಸುಮ್ಮನೆ ಹೆಬ್ಬೆರಳು ಚಾಚಿದ್ದಳು. ದಾಕ್ಷಾಯಣಿಗೆ ಇನ್ನೊಂದೂ ನೆನಪಾಯಿತು. ಒಮ್ಮೆ ಪರದೆಯ ಮೇಲೆ ಕಣ್ಣಾಡಿಸಿ, ಇಷ್ಟು ದಪ್ಪ ಅಕ್ಷರ, ಇಷ್ಟು ಚಿಕ್ಕ ವಾಕ್ಯ, ಬಾಲವಾಡಿಯವರಿಗೆ ಬರೆಯುತ್ತೀಯೇನು ಎಂದು ಅವಳು ಗಂಡನನ್ನು ಛೇಡಿಸಿದ್ದಳು. ಅವನು ನಕ್ಕುಬಿಟ್ಟಿದ್ದ.

ಬೇಪಾರಿ ಕೊನೆಯ ಪುಟ ತೆರೆದರು. ಚಿತ್ರದ ಕೆಳಗೆ ಕೆಲವೇ ಸಾಲುಗಳಿದ್ದವು. ಆಮೇಲೆ ಬಿಳಿ.

"ಇಲ್ಲಿಗೆ ಕಣ್ಣು ಎದ್ದೈತ್ರಿ. ಗುರುವಾರ, ಹತ್ತೂ ಮೂವತ್ತೆರಡು."

ಅಂದು ಕಚೇರಿಯಿಂದ ಫೋನು ಬಂದದ್ದು ಮೊದಲು ಮನೆಗೆ. ಉಳಿದ ಸಾಲುಗಳ ಮೇಲೆ ಯಾರ ಕಣ್ಣೂ ಹಾಯ್ದಿರಲಿಲ್ಲ. ಬೇಪಾರಿ ಆ ಪುಟದ ಪ್ರತಿಯನ್ನು ಅವಳಿಗೆ ಕೊಟ್ಟರು.

ಅವಳು ಮನೆಗೆ ಬಂದಾಗ ನಿಂಗವ್ವ ಅಡುಗೆಮನೆಯ ನೆಲದ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ದಾಕ್ಷಾಯಣಿ ಗೋಡೆಯ ಪರದೆಯಲ್ಲಿ ಆ ಪುಟ ತಂದು, ಅತ್ತೆಯ ಪಕ್ಕದಲ್ಲಿ ಕೂತಳು.

"ಅತ್ತೀ, ಇದನ್ನ ಓದಿ ಹೇಳ್ರಿ."

ನಿಂಗವ್ವನ ಕೈ ನಿಂತಿತು. "ನಿನಗ ಯಾರ್ ಹೇಳಿದ್ರು?"

"ಪರದೆ."

"ಚಾಡಿ ಹೇಳೂದೂ ಕಲತೈತೇನು ಅದು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಸಂಕ್ರಾಂತಿಯ ದಿನ ಸೊಸೆಯ ಮುಂದೆ ಪೇಪರ್ ಓದಿ ತೋರಿಸುವುದೆಂದು ತಾಯಿ ಮಗನ ನಡುವೆ ಮಾತಾಗಿತ್ತಂತೆ. ಕಾಲೇಜಿನವಳು ಬಾಯಿ ತೆರೆದುಕೊಂಡು ಕೂರಬೇಕು ಎಂದಿದ್ದನಂತೆ ಅವನು. ಅವನು ಹೋದ ಮೇಲೆ ಅಕ್ಷರದ ಕಡೆ ಕಣ್ಣೆತ್ತಲು ಮನಸ್ಸು ಬರಲಿಲ್ಲವೆಂದಳು.

"ಆ ಪ್ಲಗ್ಗು ನಾ ಕೀಳಬಾರದಾಗಿತ್ತವಾ," ಎಂದಳು ಆಮೇಲೆ, ಸೊಪ್ಪಿನ ಕಡ್ಡಿಗಳನ್ನು ನೋಡುತ್ತ.

"ಒಳಗ ಕೆಲಸ ನಡದೈತಿ ಅಂತ ನಾನೂ ನಿಮಗ ಹೇಳಿರಲಿಲ್ಲ," ಎಂದಳು ದಾಕ್ಷಾಯಣಿ. "ಓದ್ರಿ."

ನಿಂಗವ್ವ ಬೆರಳೆತ್ತಿ ಗಾಳಿಯಲ್ಲೇ ಸಾಲು ಹಿಡಿದಳು. ಅವಳ ಕಣ್ಣು ಹೋದಲ್ಲಿ ಪರದೆ ಬೆಳಗಿತು.

"ಇದು ಹಾಲಿನ ಅಂಗಡಿ. ಬೋರ್ಡು ನೀಲಿ. ಬರೆದವರು ಕಾಶೀಮಸಾಬರು. ಅವರಿಗೆ ಈಗ ಎಂಬತ್ತು. ಎಡಗಡೆ ಒಂದು ಆಕಳು ಇದೆ. ಆಕಳಿಗೆ ಮೂರೇ ಕಾಲು. ನಾಲ್ಕನೆಯ ಕಾಲು ಯಾಕೆ ಇಲ್ಲ ಅಂದರೆ..."

ಪ್ರತಿ ವಾಕ್ಯವೂ ಅವಳ ಒಂದು ಉಸಿರಿನಷ್ಟೇ ಉದ್ದವಿತ್ತು. ಅಳತೆ ತೆಗೆದು ಕತ್ತರಿಸಿದಂತೆ. ಮುಂದೆ ಬಿಳಿ.

"ಯಾಕಿಲ್ಲ?" ಎಂದು ಕೇಳಿದಳು ದಾಕ್ಷಾಯಣಿ.

ಹನ್ನೊಂದು ತಿಂಗಳಲ್ಲಿ ಉತ್ತರ ಬೇಕೆಂದು ಅವಳು ಕೇಳಿದ ಮೊದಲ ಪ್ರಶ್ನೆ ಅದು. ಕೇಳಿದ ಮೇಲೆ ಬಹಳ ಹೊತ್ತು ಅವಳು ಅತ್ತಳು. ನಿಂಗವ್ವ ಮೆಂತ್ಯದ ವಾಸನೆಯ ಕೈಯಿಂದ ಅವಳ ಬೆನ್ನು ಸವರಿದಳು.

"ನನಗೇನ್ ಗೊತ್ತವಾ, ಅಷ್ಟರಾಗ ಫೋನ್ ಬಂತು," ಎಂದು ಕೊನೆಗೆ ಮೊಣಕಾಲು ಹಿಡಿದು ಎದ್ದಳು. "ಕಾಶೀಮಸಾಬರನ್ನ ಕೇಳೋಣಂತ, ನಡಿ. ಅವರ ಮನಿ ಎಲ್ಲಿ ಅಂತ ಹಾಲಿನಂಗಡ್ಯಾಗ ಹೇಳತಾರ. ಅಂಗಡಿ ಎಲ್ಲೈತಿ ಅಂತ ಬೋರ್ಡಿನ ಮ್ಯಾಲೇ ಐತಿ. ತಡಿ, ಓದಿ ಹೇಳತೀನಿ."

ಹತ್ತು ನಿಮಿಷದ ದಾರಿ. ಅಂದು ಒಂದು ತಾಸು ಹಿಡಿಯಿತು. ನಿಂಗವ್ವ ದಾರಿಯ ಒಂದು ಬೋರ್ಡನ್ನೂ ಬಿಡಲಿಲ್ಲ.